ಅಕ್ಕಿ ಡಬ್ಬಿಯ ಮಾಂಗಲ್ಯ

ವಾಸಂತಿಯ ಬಾಯಿಗೆ ಹೆದರದವರು ಕೌಲಾಲಂಪುರದ ಪಕ್ಕದ ಸೈಬರ್‌ಜಯಾದ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಇಬ್ಬರೇ. ಒಬ್ಬಳು ಅವಳ ಮಗಳು ಭವ್ಯಶ್ರೀ, ಇನ್ನೊಬ್ಬ ಕನ್ನಡ ಬಾರದ ಗೇಟಿನ ಕಾವಲುಗಾರ. ನಾನು ಹೆದರುವವರ ಪೈಕಿ. ಹೆದರಿದ್ದನ್ನು ತೋರಿಸಿಕೊಳ್ಳದಷ್ಟು ಜಂಬ ಮಾತ್ರ ನನಗೂ ಇದೆ.

ಅವಳದು ಮೈಸೂರು. ಗಂಡ ನಾಣಿ ಪುತ್ರಜಯಾದ ಯಾವುದೋ ಸರ್ಕಾರಿ ಇಲಾಖೆಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಯಲ್ಲಿ ಮ್ಯಾನೇಜರ್. ಇದ್ದಬದ್ದ ಮಾತನ್ನೆಲ್ಲ ಮೀಟಿಂಗಿನಲ್ಲಿ ಮುಗಿಸಿ ಮನೆಗೆ ಬಂದು ಸುಮ್ಮನೆ ಕೂರುವ ಮನುಷ್ಯ. ಹಾಗಾಗಿ ಆ ಮನೆಯ ಮಾತೆಲ್ಲ ವಾಸಂತಿಯದೇ. ನಮ್ಮಲ್ಲಿ ಯಾರಿಗಾದರೂ ಜ್ವರ ಬಂದರೆ ಮೆಣಸಿನ ಸಾರು, ಮೆತ್ತಗಿನ ಅನ್ನ ಹಿಡಿದು ಮೊದಲು ಬಾಗಿಲು ತಟ್ಟುವವಳು ಅವಳು. ಆ ಸಾರು ಆರುವುದರೊಳಗೆ ನಿಮ್ಮ ಅಡುಗೆಮನೆ ಎಷ್ಟು ಗಲೀಜು ಎಂದು ಹೇಳಿ ಹೋಗುವವಳೂ ಅವಳೇ. ಎರಡನ್ನೂ ಒಂದೇ ಪ್ರೀತಿಯಿಂದ ಮಾಡುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸುತ್ತಿರಲಿಲ್ಲ.

ಹೋದ ವರ್ಷ ಗೌರಿ ಹಬ್ಬಕ್ಕೆ ಅವಳ ಮನೆಗೆ ಹೋಗಿದ್ದೆ. ಹೊರಗೆ ಓಡಾಡುವಾಗ ಹಾಕಿಕೊಳ್ಳುವ ಒನ್ ಗ್ರಾಂ ಗೋಲ್ಡಿನ ಕರಿಮಣಿ ಸರ ನನ್ನ ಕತ್ತಿನಲ್ಲಿತ್ತು. ಇಲ್ಲಿ ಬೈಕಿನಲ್ಲಿ ಬಂದು ಸರ ಕಿತ್ತುಕೊಂಡು ಹೋಗುವವರ ಕಾಟ ನಮ್ಮ ಹೆಂಗಸರಿಗೆಲ್ಲ ಗೊತ್ತಿದ್ದದ್ದೇ. ಬದಲಿಸಲು ಮರೆತಿದ್ದೆ, ಅಷ್ಟೇ. ಕುಂಕುಮ ಇಡಲು ಬಗ್ಗಿದ ವಾಸಂತಿ ಎರಡು ಬೆರಳಲ್ಲಿ ಆ ಸರ ಎತ್ತಿ ದೀಪದ ಬೆಳಕಿಗೆ ಹಿಡಿದಳು.

"ಏನ್ರೀ ಇದು, ಮಾಂಗಲ್ಯದಲ್ಲೂ ಡೂಪ್ಲಿಕೇಟಾ? ಗಂಡಾನೂ ಒನ್ ಗ್ರಾಂ ಅಂದ್ಕೊಂಡ್ರಾ?"

ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗದೆ ಇನ್ನೇನು ಮಾಡುವುದು? ಬಾಗಿನದ ಮೊರ ಹಿಡಿದುಕೊಂಡು ಲಿಫ್ಟಿನಲ್ಲಿ ಇಳಿಯುವಾಗ ಅತ್ತೆ. ಮನೆಗೆ ಬಂದವಳೇ ಆ ಸರ ಬಿಚ್ಚಿ ಕಸದ ಬುಟ್ಟಿಗೆ ಹಾಕಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದವಳಿಗೆ ಅದು ಹೋಗಿತ್ತೇನೋ, ಕೇಳಿಸಿಕೊಂಡ ನನ್ನಲ್ಲಿ ಅದು ಉಳಿದುಬಿಟ್ಟಿತು.

ಇಂಥ ವಾಸಂತಿಗೂ ಒಂದು ನಾಚಿಕೆ ಇತ್ತು. ಅದು ಮಗಳ ಓದು.

ಭವ್ಯಶ್ರೀ ನನ್ನ ಶನಿವಾರದ ಕನ್ನಡ ಪಾಠದಲ್ಲಿ ಅಕ್ಷರ ಕಲಿತ ಹುಡುಗಿ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಯೂನಿವರ್ಸಿಟಿಗೆ ಸೇರುವಾಗ ಕಂಪ್ಯೂಟರ್ ಬೇಡ, ಅಕೌಂಟ್ಸ್ ಬೇಡ ಎಂದು ಕ್ರಿಮಿನಾಲಜಿ ತೆಗೆದುಕೊಂಡಳು. ಮನುಷ್ಯ ಯಾಕೆ ಅಪರಾಧ ಮಾಡುತ್ತಾನೆ, ಶಿಕ್ಷೆಯಿಂದ ಏನಾಗುತ್ತದೆ, ನೊಂದವರ ಗತಿಯೇನು, ಜೈಲಿನಿಂದ ಹೊರಬಂದವನು ಮತ್ತೆ ಜೈಲಿಗೆ ಹೋಗದಿರಲು ಏನು ಮಾಡಬೇಕು ಎಂದೆಲ್ಲ ಓದುವ ಡಿಗ್ರಿ. ವಾಸಂತಿ ಮೈಸೂರಿಗೆ ಫೋನು ಮಾಡಿ "ಎಲ್‌ಎಲ್‌ಬಿ ಮಾಡ್ತಿದ್ದಾಳೆ" ಅಂದಳು. ನಮಗೂ ಹಾಗೇ ಅಂದಳು. ಭವ್ಯಶ್ರೀ ಎದುರಿಗಿದ್ದರೆ "ಆಲ್ಮೋಸ್ಟ್ ಎಲ್‌ಎಲ್‌ಬಿ" ಅನ್ನುತ್ತಿದ್ದಳು.

ಮುಂದೆ ಕೆಲಸ ಏನು ಸಿಗುತ್ತದೆ ಎಂದು ಒಂದು ಭಾನುವಾರ ನಾಣಿಯವರು ಬಾಯಿಬಿಟ್ಟು ಕೇಳಿದರು. ಐವಿ ಮತ್ತು ನಾನು ಅಲ್ಲೇ ಇದ್ದೆವು. ಐವಿ ಮಂಗಳೂರಿನವಳು, ನಮ್ಮ ಮೇಲಿನ ಮಹಡಿ, ಬ್ಯಾಂಕಿನಲ್ಲಿ ಕೆಲಸ. ಭವ್ಯಶ್ರೀ ಮುಚ್ಚುಮರೆ ಇಲ್ಲದೆ ಹೇಳಿದಳು. ಪೊಲೀಸು, ಜೈಲು ಇಲಾಖೆ, ಪೆರೋಲ್ ಆಫೀಸರ್, ಇವೆಲ್ಲ ಸರ್ಕಾರಿ ಕೆಲಸಗಳು, ಈ ದೇಶದ ಪ್ರಜೆಗಳಿಗೆ ಮಾತ್ರ. ನಮ್ಮದು ಇನ್ನೂ ಇಂಡಿಯಾ ಪಾಸ್‌ಪೋರ್ಟು, ಹಾಗಾಗಿ ಆ ಬಾಗಿಲು ಮುಚ್ಚಿದ್ದು. ಉಳಿದದ್ದು ಬ್ಯಾಂಕುಗಳಲ್ಲಿ ಮೋಸ ಪತ್ತೆ ಹಚ್ಚುವ ವಿಭಾಗ, ಸಂಶೋಧನೆ, ಇಲ್ಲವೇ ಸೇವಾ ಸಂಸ್ಥೆಗಳು.

"ಬ್ಯಾಂಕ್ ಈಸ್ ಗುಡ್," ಅಂದರು ನಾಣಿ.

"ಐ ವಾಂಟ್ ದ ಲಾಸ್ಟ್ ಒನ್, ಪಪ್ಪಾ. ಜೈಲಿಂದ ಬಂದವ್ರಿಗೆ ಒಂದು ಹೋಮ್ ಇದೆ. ದೇ ಜಸ್ಟ್ ನೀಡ್ ಸಮ್‌ಒನ್ ಟು ಸಿಟ್ ವಿತ್ ದೆಮ್ ಅಂಡ್ ಲಿಸನ್."

ವಾಸಂತಿ ಕೈಯಲ್ಲಿದ್ದ ಕಾಫಿ ಲೋಟ ಕುಕ್ಕಿದಳು. "ಕಳ್ಳರ ಪಕ್ಕ ಕೂತು ಕಷ್ಟಸುಖ ಕೇಳೋ ಕೆಲಸಾನಾ? ನಾಳೆ ಗಂಡಿನ ಕಡೆಯವ್ರು ಹುಡುಗಿ ಏನ್ಮಾಡ್ತಾಳೆ ಅಂದ್ರೆ ಇದನ್ನ ಹೇಳ್ಲಾ ನಾನು? ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ."

"ಎಂತ ನಾಚಿಕೆ ಇದ್ರಲ್ಲಿ ವಾಸಂತಿ? ಕ್ರಿಸ್ಮಸ್ಸಿಗೆ ನಮ್ಮ ಚರ್ಚಿನವರು ಜೈಲಿಗೆ ಕೇಕ್ ತಗೊಂಡು ಹೋಗ್ತೇವೆ. ಅಲ್ಲಿರುವವರೂ ಮನುಷ್ಯರೇ ಮಾರಾಯ್ತಿ," ಅಂದಳು ಐವಿ.

"ಕೇಕ್ ಕೊಟ್ಟು ವಾಪಸ್ ಬರ್ತೀರಲ್ಲ ನೀವು. ಇವಳು ಅಲ್ಲೇ ಕೂರ್ತೀನಿ ಅಂತಾಳೆ."

ಭವ್ಯಶ್ರೀ ಎದ್ದು ತನ್ನ ಕೋಣೆಗೆ ಹೋದಳು. ಬಾಗಿಲು ದಡಾರನೆ ಹಾಕಲಿಲ್ಲ, ನಿಧಾನವಾಗಿ ಹಾಕಿಕೊಂಡಳು.

ಈ ವರ್ಷ ಯುಗಾದಿಗೆ ಎರಡು ದಿನ ಮೊದಲು ಬೇವಿನ ಹೂವು, ಮಾವಿನೆಲೆ ತರಲು ವಾಸಂತಿ, ಐವಿ, ನಾನು ಮೂವರೂ ನನ್ನ ಕಾರಿನಲ್ಲಿ ನಮ್ಮ ದೇಶದವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸಿಗೆ ಹೋದೆವು. ಹೂವಿನ ಅಂಗಡಿಗಳ ಸಾಲು ದಾಟಿ ಕಾರಿನ ಕಡೆ ಬರುತ್ತಿದ್ದಾಗ ಹಿಂದಿನಿಂದ ಒಂದು ಬೈಕು ಬಂತು. ಅದರ ಮೇಲಿದ್ದವನು ವಾಸಂತಿಯ ಕತ್ತಿಗೆ ಕೈ ಹಾಕಿ ಎಳೆದು ಹೋಗಿಯೇಬಿಟ್ಟ. ಅವಳು ಮಾವಿನೆಲೆಯ ಕಟ್ಟಿನ ಮೇಲೆಯೇ ಬಿದ್ದಳು. ಕತ್ತಿನ ಸುತ್ತ ಕೆಂಪು ಗೆರೆ. ಸರ ಇಲ್ಲ.

ಪೊಲೀಸ್ ಠಾಣೆಯಲ್ಲಿ ಆಫೀಸರ್ ಒಳ್ಳೆಯವನೇ. ನೀರು ಕೊಟ್ಟು, ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದ. ಎಂಥ ಸರ? ಕರಿಮಣಿ, ಎರಡು ತಾಳಿ. ಚಿನ್ನವೇ?

ವಾಸಂತಿ ಆಫೀಸರ್ ಮುಖ ನೋಡಲಿಲ್ಲ. ನನ್ನ ಮುಖ ನೋಡಿದಳು. ನಾನೂ ಅವಳನ್ನೇ ನೋಡುತ್ತಿದ್ದೆ. ನನ್ನ ಮುಖದಲ್ಲಿ ಆಗ ಏನಿತ್ತು ಎಂದು ನನಗೆ ಈಗಲೂ ಗೊತ್ತಿಲ್ಲ.

"ಗೋಲ್ಡ್," ಅಂದಳು. "ಪ್ಯೂರ್ ಗೋಲ್ಡ್. ಮ್ಯಾರೇಜ್ ಚೈನ್."

ಆಮೇಲೆ ನನಗೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದಕ್ಕೆ ಅರ್ಥ ಇರುವುದಿಲ್ಲ. ಅದು ಚಿನ್ನವಲ್ಲ. ನನ್ನನ್ನು ನಗಿಸಿ ಅಳಿಸಿದ ಕೆಲವು ತಿಂಗಳಿಗೆ, ಯಾರೋ ಹೆಂಗಸನ್ನು ಸರದ ಸಮೇತ ಬೈಕಿನವರು ರಸ್ತೆಯಲ್ಲಿ ಎಳೆದುಕೊಂಡು ಹೋದ ಸುದ್ದಿ ಕೇಳಿ ವಾಸಂತಿಗೂ ಭಯ ಹತ್ತಿತ್ತು. ಅದೇ ಬ್ರಿಕ್‌ಫೀಲ್ಡ್ಸಿನ ಒಂದು ಅಂಗಡಿಯಲ್ಲಿ ತನ್ನ ಸರದ ಹಾಗೇ ಇರುವ ಒನ್ ಗ್ರಾಂ ಸರ ಗುಟ್ಟಾಗಿ ಕೊಂಡಿದ್ದಳು. ಹೊರಗೆ ಹೊರಟಾಗ ಬಚ್ಚಲಮನೆಯಲ್ಲಿ ಬದಲಿಸಿ, ಅಸಲಿಯನ್ನು ಅಕ್ಕಿ ಡಬ್ಬಿಯ ತಳದಲ್ಲಿ ಹೂತಿಡುತ್ತಿದ್ದಳು. ಗಂಡನಿಗೂ ಗೊತ್ತಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅಂದರೆ ಅವಳು ಠಾಣೆಯಲ್ಲಿ ಕೂತು ಚಿನ್ನ ಅಂದಾಗ ಚಿನ್ನ ಅಕ್ಕಿಯೊಳಗೆ ಸುಖವಾಗಿತ್ತು.

ಮನೆಗೆ ಬಂದ ಮೇಲಾದರೂ ಗಂಡನಿಗೆ ಹೇಳಬಹುದಿತ್ತು. ಆದರೆ ಐವಿ ದಾರಿಯಲ್ಲೇ ಎಲ್ಲರಿಗೂ ಮೆಸೇಜು ಹಾಕಿದ್ದಳು. ನಾವು ಲಿಫ್ಟಿನಿಂದ ಇಳಿಯುವಾಗ ಹೆಂಗಸರು ಬಾಗಿಲಲ್ಲೇ ನಿಂತಿದ್ದರು. ಮುತ್ತೈದೆಯ ಕತ್ತು ಒಂದು ಗಳಿಗೆಯೂ ಬರಿದಾಗಿರಬಾರದು ಎಂದು ಯಾರೋ ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಸಿದ್ಧ ಇಟ್ಟಿದ್ದರು. ನಾಣಿಯವರು ಆಫೀಸಿನ ಬಟ್ಟೆಯಲ್ಲೇ, ಇಪ್ಪತ್ತು ಚಿಲ್ಲರೆ ವರ್ಷದ ಮೇಲೆ ಮತ್ತೊಮ್ಮೆ ಹೆಂಡತಿಯ ಕತ್ತಿಗೆ ಮೂರು ಗಂಟು ಹಾಕಿದರು. ಅವರ ಕಣ್ಣಲ್ಲಿ ನೀರಿತ್ತು. ಎಲ್ಲರೂ ಅಕ್ಷತೆ ಹಾಕಿದರು. ಆ ಅಕ್ಷತೆಗೆ ಅಕ್ಕಿ ತೆಗೆದದ್ದು ಯಾವ ಡಬ್ಬಿಯಿಂದ ಎಂದು ಊಹಿಸಿಕೊಳ್ಳಿ. ತಳದವರೆಗೆ ಯಾರೂ ಕೈ ಹಾಕಲಿಲ್ಲ. ವಾಸಂತಿ ಬಿಕ್ಕಿ ಬಿಕ್ಕಿ ಅತ್ತಳು, ನಾವೆಲ್ಲ ಅದನ್ನು ದುಃಖ ಅಂದುಕೊಂಡೆವು.

ಇಷ್ಟಕ್ಕೇ ನಿಂತಿದ್ದರೆ ಬದುಕಿಕೊಳ್ಳುತ್ತಿದ್ದಳು. ಆದರೆ ಕಳ್ಳ ಸಿಕ್ಕಿಬಿದ್ದ. ಅಂಗಡಿಯೊಂದರ ಕ್ಯಾಮೆರಾದಲ್ಲಿ ಬೈಕಿನ ನಂಬರ್ ಕಂಡಿತ್ತು. ಅವನ ಹೆಸರು ಇಲ್ಲಿ ಬೇಡ. ಕೆಲಸ ಕಳೆದುಕೊಂಡ ನಡುವಯಸ್ಸಿನ ತಮಿಳಿನವನು ಅಂದರೆ ಸಾಕು. ಆಫೀಸರ್ ಫೋನು ಮಾಡಿದಾಗ ನಾನೂ ಅವರ ಮನೆಯಲ್ಲೇ ಇದ್ದೆ, ನಾಣಿಯವರು ಸ್ಪೀಕರ್ ಹಾಕಿದರು.

"ಕಿತ್ತದ್ದು ಒಪ್ಪಿಕೊಂಡಿದ್ದಾನೆ ಮೇಡಂ. ಸರ ಮಾತ್ರ ಇಲ್ಲ. ನಕಲಿ ಅಂತ ಗಿರವಿ ಅಂಗಡಿಯವನು ನಕ್ಕ, ಮೋರಿಗೆ ಎಸೆದೆ ಅಂತಾನೆ. ಎಲ್ಲರೂ ಹೀಗೇ ಹೇಳ್ತಾರೆ. ನೀವು ಹೇಳಿದ್ದು ಗೋಲ್ಡ್, ಕನ್ಫರ್ಮ್ ಅಲ್ವಾ?" ಇಂಗ್ಲಿಷಿನಲ್ಲಿ ಅವನು ಕೇಳಿದ್ದು ಇಷ್ಟು.

"ಕದ್ದಿದ್ದಲ್ದೆ ನಕಲಿ ಬೇರೆ ಅಂತಾನಾ?" ನಾಣಿಯವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮದುವೆ ಫೋಟೋ ಹುಡುಕಿ ಆಗಲೇ ಕಳಿಸಿದರು. ಫೋಟೋದಲ್ಲಿ ಸರ ಹೊಳೆಯುತ್ತಿತ್ತು.

"ಕನ್ಫರ್ಮ್," ಅಂದಳು ವಾಸಂತಿ.

ಸರದ ನಿಜ ಗೊತ್ತಿದ್ದವರು ಈಗ ಇಬ್ಬರಾದರು. ಕದ್ದವನು ಮತ್ತು ಕಳೆದುಕೊಂಡವಳು. ಅವನು ಹೇಳುತ್ತಿದ್ದ, ಯಾರೂ ನಂಬುತ್ತಿರಲಿಲ್ಲ.

ಇದರ ನಡುವೆ ಅಮ್ಮ ಮಗಳು ಹತ್ತಿರವಾದರು. ಭವ್ಯಶ್ರೀಗೆ ಆ ವರ್ಷ ಅಪರಾಧಕ್ಕೆ ಗುರಿಯಾದವರ ಬಗ್ಗೆಯೇ ಒಂದು ಪಾಠ ಇತ್ತು. ಇಷ್ಟು ದಿನ ತನ್ನ ಓದು ಎಂದರೆ ಮುಖ ತಿರುಗಿಸುತ್ತಿದ್ದ ಅಮ್ಮ ಈಗ ಪಕ್ಕ ಕೂರಿಸಿಕೊಂಡರೆ ಕೂರುತ್ತಿದ್ದಳು. ವಾಸಂತಿ ಊಟ ಬಿಟ್ಟಿದ್ದಳು, ಹಬ್ಬಗಳಿಗೆ ಬರುತ್ತಿರಲಿಲ್ಲ, ಯಾರಾದರೂ ಸರದ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ನನ್ನೆದುರೇ ಒಮ್ಮೆ ಭವ್ಯಶ್ರೀ ಅಮ್ಮನ ಕೈ ಹಿಡಿದುಕೊಂಡು ಹೇಳಿದಳು:

"ಅಮ್ಮಾ, ವಿಕ್ಟಿಮ್ಸ್ ಆಲ್ವೇಸ್ ಫೀಲ್ ಅಶೇಮ್ಡ್. ನಾನು ಓದಿದ್ದೀನಿ. ಬಟ್ ಯು ಡಿಡ್ ನಥಿಂಗ್ ರಾಂಗ್, ಓಕೆ? ನಥಿಂಗ್."

ವಾಸಂತಿ ಕೈ ಬಿಡಿಸಿಕೊಂಡು ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಪಾಪ, ಕಳ್ಳಿಯಲ್ಲ ಅಂದರೂ ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವಳದು.

ಶಿಕ್ಷೆ ಹೇಳುವ ಮುನ್ನ ನೊಂದವರು ಕೋರ್ಟಿನಲ್ಲಿ ಎದ್ದು ತಮಗೆ ಏನಾಯಿತು ಎಂದು ಹೇಳಿಕೊಳ್ಳಬಹುದಂತೆ, ಇಲ್ಲಿನ ಕಾನೂನಿನಲ್ಲಿ ಅದಕ್ಕೆ ಜಾಗ ಇದೆಯಂತೆ. ಬಹಳ ಜನಕ್ಕೆ ಅದು ಗೊತ್ತೇ ಇರುವುದಿಲ್ಲ. ಭವ್ಯಶ್ರೀಗೆ ಗೊತ್ತಿತ್ತು. ಅವಳೇ ಸರ್ಕಾರಿ ವಕೀಲರಿಗೆ ಹೇಳಿಸಿ ವ್ಯವಸ್ಥೆ ಮಾಡಿದಳು. ಮಾಂಗಲ್ಯ ಎಂದರೆ ಬರೀ ಒಡವೆ ಅಲ್ಲ ಎಂದು ಅಮ್ಮನ ಪರವಾಗಿ ಇಂಗ್ಲಿಷಿನಲ್ಲಿ ಬರೆದೂ ಕೊಟ್ಟಳು. ಕ್ಲಾಸಿನಲ್ಲೂ ಅಮ್ಮನ ಬಗ್ಗೆ ಮಾತಾಡಿ ಬಂದಿದ್ದಳು. "ಮೇಡಂ ಸೆಡ್ ಯು ಆರ್ ವೆರಿ ಬ್ರೇವ್," ಎಂದು ಹೇಳುವಾಗ ಆ ಹುಡುಗಿಯ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ನೋಡಿದ್ದೇನೆ. ಬೇಡ ಎನ್ನಲು ವಾಸಂತಿಗೆ ಬಾಯಿ ಬರಲಿಲ್ಲ. ಅವಳ ಬಾಯಿಗೂ ಇಂಥ ಒಂದು ದಿನ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ನಾಣಿಯವರಿಗೆ ಬಿಡಲಾಗದ ಮೀಟಿಂಗು. ಕೌಲಾಲಂಪುರದ ಕೋರ್ಟಿಗೆ ಇಬ್ಬರನ್ನೂ ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ವಾಸಂತಿ ಹ್ಯಾಂಡ್‌ಬ್ಯಾಗನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿಕೊಂಡಿದ್ದಳು. ನನ್ನ ಡ್ರೈವಿಂಗಿಗೆ ಒಂದು ಬೈಗುಳವೂ ಬೀಳಲಿಲ್ಲ.

ಸಿನಿಮಾದ ಕೋರ್ಟು ನೋಡಿದವರಿಗೆ ಅದು ಕೋರ್ಟು ಎಂದೇ ಅನ್ನಿಸುವುದಿಲ್ಲ. ಚಿಕ್ಕ ಕೋಣೆ, ಏಸಿಯ ಚಳಿ, ಎಲ್ಲರೂ ಪಿಸುಮಾತು. ಮ್ಯಾಜಿಸ್ಟ್ರೇಟ್ ನಮ್ಮ ಭವ್ಯಶ್ರೀಗಿಂತ ಹತ್ತು ವರ್ಷ ದೊಡ್ಡವಳಿರಬೇಕು, ಅಷ್ಟೇ. ಬೇಡಿ ಹಾಕಿದ ಆ ಮನುಷ್ಯನನ್ನು ಕರೆತಂದರು. ಜಾಮೀನು ಕೊಡುವವರು ಯಾರೂ ಇಲ್ಲದೆ ಇಷ್ಟು ದಿನ ಒಳಗೇ ಇದ್ದನಂತೆ. ಬೈಕಿನ ಮೇಲೆ ರಾಕ್ಷಸನ ಹಾಗೆ ಕಂಡವನು ಇಲ್ಲಿ ನಮ್ಮ ಕಾಂಡೋದ ಪ್ಲಂಬರ್ ಹಾಗಿದ್ದ. ತಪ್ಪು ಒಪ್ಪಿಕೊಳ್ಳುತ್ತೇನೆ ಅಂದ. ನಡೆದ ಸಂಗತಿಯನ್ನು ಮಲಯ್ ಭಾಷೆಯಲ್ಲಿ ಓದಿದರು, ಕೋರ್ಟಿನವರೊಬ್ಬರು ಅವನಿಗೆ ತಮಿಳಿನಲ್ಲಿ ಹೇಳಿದರು. ಚಿನ್ನದ ಸರ ಎನ್ನುವಲ್ಲಿ ಅವನು ತಲೆ ಎತ್ತಿದ.

ಅವನ ತಮಿಳು ನಮಗೆ ಅರ್ಥವಾಯಿತು. ಬ್ರಿಕ್‌ಫೀಲ್ಡ್ಸಿನಲ್ಲಿ ಬಳೆ, ಸರ ಕೊಳ್ಳುವ ಯಾರಿಗಾದರೂ ಆ ಮಾತು ಗೊತ್ತು. ಕಿತ್ತದ್ದು ನಾನೇ, ಆದರೆ ಅದು ತಂಗ ಅಲ್ಲ, ಕವರಿಂಗ್, ಅಂದ. ತಂಗ ಅಂದರೆ ಚಿನ್ನ, ಕವರಿಂಗ್ ಅಂದರೆ ಬರೀ ಮೇಲ್ಪದರದ್ದು.

ಮ್ಯಾಜಿಸ್ಟ್ರೇಟ್ ಪೆನ್ನು ಕೆಳಗಿಟ್ಟರು. ಏನಾಗುತ್ತಿದೆ ಎಂದು ಭವ್ಯಶ್ರೀ ನಮಗೆ ಕಿವಿಯಲ್ಲಿ ಹೇಳಿದಳು. ಓದಿದ್ದನ್ನು ಪೂರ್ತಿ ಒಪ್ಪದಿದ್ದರೆ ಅವನ ತಪ್ಪೊಪ್ಪಿಗೆ ನಿಲ್ಲುವುದಿಲ್ಲ. ವಿಚಾರಣೆಗೆ ಬೇರೆ ದಿನ ಕೊಡುತ್ತಾರೆ, ಅಲ್ಲಿಯವರೆಗೂ ಒಳಗೇ ಇರಬೇಕು. ಒಪ್ಪಿದರೆ ಇವತ್ತೇ ಮುಗಿಯುತ್ತದೆ, ಆದರೆ ಚಿನ್ನ ಕದ್ದು ಬಚ್ಚಿಟ್ಟವನು ಎಂದೇ ಶಿಕ್ಷೆ ಕೊಡುತ್ತಾರೆ. ತಮಿಳಿನಲ್ಲಿ ಅವನಿಗೂ ಇದನ್ನೇ ಹೇಳುತ್ತಿದ್ದರು. ಅವನು ಕೇಳಿಸಿಕೊಂಡ. ಸುತ್ತ ನೋಡಿದ. ತನ್ನವರು ಯಾರಾದರೂ ಬಂದಿದ್ದಾರಾ ಎಂದು ನೋಡಿದನೇನೋ. ಯಾರೂ ಬಂದಿರಲಿಲ್ಲ.

"ಸರಿ. ತಂಗಮೇ," ಅಂದ. ಚಿನ್ನವೇ ಅಂತ ಬರೆದುಕೊಳ್ಳಿ.

ವಾಸಂತಿಯ ಸುಳ್ಳನ್ನು ಅವಳ ಪರವಾಗಿ ಅವನೂ ಹೇಳಿದ್ದ. ನನ್ನ ಪಕ್ಕದಲ್ಲಿ ಅವಳ ಉಸಿರು ಜೋರಾಗಿ ಕೇಳುತ್ತಿತ್ತು. ಅಷ್ಟರಲ್ಲಿ ನೊಂದ ಮಹಿಳೆ ಮಾತಾಡಬಹುದು ಎಂದು ಕರೆದರು. ಭವ್ಯಶ್ರೀ ಬರೆದುಕೊಟ್ಟ ಹಾಳೆಯನ್ನು ಅಮ್ಮನ ಕೈಗಿಟ್ಟು ಬೆನ್ನು ಸವರಿದಳು.

ವಾಸಂತಿ ಎದ್ದು ಮುಂದೆ ಹೋದಳು. ಹಾಳೆಯನ್ನು ಮಡಿಸಿದಳು. ಹ್ಯಾಂಡ್‌ಬ್ಯಾಗ್ ತೆರೆದು ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದಳು, ಅದರೊಳಗಿಂದ ಸರ ತೆಗೆದು ಮುಂದಿದ್ದ ಮೇಜಿನ ಮೇಲಿಟ್ಟಳು. ಕರಿಮಣಿಗಳ ನಡುವೆ ಸಿಕ್ಕಿಕೊಂಡಿದ್ದ ಒಂದೆರಡು ಅಕ್ಕಿಕಾಳು ಮೇಜಿನ ಮೇಲೆ ಬಿದ್ದವು.

"ದಿಸ್ ಈಸ್ ಮೈ ಗೋಲ್ಡ್ ಚೈನ್," ಅಂದಳು. "ಇಟ್ ವಾಸ್ ಇನ್ ಮೈ ಹೌಸ್ ಓನ್ಲಿ. ದಟ್ ಮ್ಯಾನ್ ಈಸ್ ಟೆಲ್ಲಿಂಗ್ ಟ್ರೂತ್. ಐ ಆ್ಯಮ್ ದ ಲಯರ್." ಆಮೇಲೆ ಇಂಗ್ಲಿಷು ಮುಗಿದುಹೋಗಿ, ಆ ಕೋಣೆಯಲ್ಲಿ ನಮ್ಮಿಬ್ಬರ ಹೊರತು ಯಾರಿಗೂ ಅರ್ಥವಾಗದ ಕನ್ನಡದಲ್ಲೇ, "ನಾಚಿಕೆ ಆಗತ್ತೆ ನಂಗೆ," ಅಂದಳು.

ನಾನು ಭವ್ಯಶ್ರೀಯ ಮುಖ ನೋಡಲಿಲ್ಲ. ನೋಡುವ ಧೈರ್ಯ ಆಗಲಿಲ್ಲ. ಆ ಮನುಷ್ಯನನ್ನು ನೋಡಿದೆ. ಅವನು ಕೈ ಮುಗಿಯುತ್ತಾನೆ, ಅಳುತ್ತಾನೆ ಅಂದುಕೊಂಡಿದ್ದೆ. ಅವನು ಮೇಜಿನ ಮೇಲಿದ್ದ ಸರವನ್ನು ಒಂದು ಸಲ ನೋಡಿ, ಪಕ್ಕದ ಪೊಲೀಸಿನವನಿಗೆ ಬೇಸರದಿಂದ "ನಾನು ಆಗಲೇ ಹೇಳಿದೆನಲ್ಲ" ಎಂಬಂತೆ ಏನೋ ಗೊಣಗಿದ.

ಮ್ಯಾಜಿಸ್ಟ್ರೇಟ್ ಬಹಳ ಹೊತ್ತು ಬರೆದರು. ಕಿತ್ತದ್ದು ಕಿತ್ತದ್ದೇ, ಅದಕ್ಕೆ ಶಿಕ್ಷೆ ಆಗೇ ಆಗುತ್ತದೆ, ಆದರೆ ಸಂಗತಿಯನ್ನು ಸರಿಪಡಿಸಿ ಮಧ್ಯಾಹ್ನ ಮತ್ತೆ ತನ್ನಿ ಅಂದರಂತೆ. ಹೊರಗೆ ಬಂದ ಆಫೀಸರ್ ಕಿವಿಯವರೆಗೆ ಕೆಂಪಾಗಿದ್ದ. ಪೊಲೀಸರಿಗೆ ಸುಳ್ಳು ಮಾಹಿತಿ ಕೊಡುವುದೂ ಅಪರಾಧ, ಗೊತ್ತಾ ಮೇಡಂ, ಅಂದ. ಹೊಸ ಹೇಳಿಕೆ ತೆಗೆದುಕೊಳ್ಳಬೇಕು, ಮೇಲಿನವರನ್ನು ಕೇಳಿ ಬರುತ್ತೇನೆ, ಇಲ್ಲೇ ಕೂತಿರಿ ಎಂದು ಕಾರಿಡಾರಿನ ಬೆಂಚು ತೋರಿಸಿ ಹೋದ.

ವಾಸಂತಿ ಬೆಂಚಿನ ತುದಿಯಲ್ಲಿ ಕೂತಳು. ಬೇಡಿಯವರು, ಬೇಡಿಯವರ ಹೆಂಡಂದಿರು, ಕಪ್ಪು ಕೋಟಿನವರು ಅವಳ ಮುಂದೆಯೇ ಓಡಾಡುತ್ತಿದ್ದರು. ಭವ್ಯಶ್ರೀ ಎದುರಿನ ಗೋಡೆಗೆ ಒರಗಿ ನಿಂತಿದ್ದಳು. ಅವಳು ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಬೈದಿದ್ದರೆ ನಮ್ಮಿಬ್ಬರಿಗೂ ಹಗುರಾಗುತ್ತಿತ್ತು.

"ಭವ್ಯಾ," ಅಂದಳು ವಾಸಂತಿ, ತಲೆ ಎತ್ತದೆ. "ನೀನು ಆಂಟಿ ಜೊತೆ ಕೆಳಗೆ ಹೋಗಮ್ಮ. ನಿಮ್ಮ ಕಾಲೇಜಿನವ್ರು ಬರ್ತಾ ಇರ್ತಾರೆ ಇಲ್ಲಿಗೆ. ನನ್ ಜೊತೆ ನೋಡಿದ್ರೆ ನಿಂಗೆ ಅವಮಾನ."

ಭವ್ಯಶ್ರೀ ಗೋಡೆ ಬಿಟ್ಟು ಬಂದಳು. ಅಮ್ಮನ ಪಕ್ಕ ಕೂತಳು. ಅಮ್ಮನ ತೊಡೆಯ ಮೇಲಿದ್ದ ಹ್ಯಾಂಡ್‌ಬ್ಯಾಗ್ ತೆಗೆದು ನೆಲಕ್ಕಿಟ್ಟಳು. ಅವಳ ದನಿಯಲ್ಲಿ ಕೋಪ ಇರಲಿಲ್ಲ ಎಂದು ಹೇಳಲಾರೆ, ಇತ್ತು. ಆದರೂ ಕೇಳಿದಳು, ಅದೂ ಕನ್ನಡದಲ್ಲಿ.

"ಮೊದಲಿಂದ ಹೇಳಮ್ಮ. ನಾನು ಕೇಳ್ತೀನಿ."

ಕಳ್ಳರ ಪಕ್ಕ ಕೂತು ಕಷ್ಟಸುಖ ಕೇಳುವ ಕೆಲಸ. ವಾಸಂತಿಗೂ ಅದೇ ನೆನಪಾಗಿರಬೇಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬ್ರಿಕ್‌ಫೀಲ್ಡ್ಸಿನಿಂದ, ಬೈಕಿನಿಂದ ಶುರು ಮಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಅಲ್ಲಿಂದ ಶುರು ಮಾಡಲಿಲ್ಲ. ಕಣ್ಣೆತ್ತಿ ನನ್ನನ್ನು ನೋಡಿದಳು.

"ಗೌರಿ ಹಬ್ಬದ ದಿನ ಇವ್ರ ಕತ್ತಲ್ಲಿದ್ದ ಸರ ಎತ್ತಿ ಎಲ್ಲರ ಮುಂದೆ ತೋರಿಸಿದ್ನಲ್ಲ," ಅಂದಳು. "ಅಲ್ಲಿಂದ ಹೇಳ್ಬೇಕು."

ಚಹಾ ತರುವ ನೆಪದಲ್ಲಿ ನಾನು ಅಲ್ಲಿಂದ ಹೋಗಬಹುದಿತ್ತು. ಹೋಗಲಿಲ್ಲ. ಠಾಣೆಯಲ್ಲಿ ಅವಳು ಚಿನ್ನ ಅನ್ನುವ ಮುನ್ನ ನನ್ನ ಮುಖದಲ್ಲಿ ಏನು ಕಂಡಿದ್ದಳು ಎಂದು ಈಗ ಕೇಳಬೇಕಿತ್ತು, ಕೇಳಲಿಲ್ಲ. ನಿಂತೇ ಇದ್ದ ನನ್ನನ್ನು ನೋಡಿ ಭವ್ಯಶ್ರೀ ಬೆಂಚಿನ ಮೇಲೆ ಅಮ್ಮನ ಕಡೆಗೆ ಸರಿದು ನನಗೂ ಜಾಗ ಮಾಡಿದಳು.